ಬಿಸಿಲು, ಬೆಳಕು, ಕಾವು

ನಿಪ್ಪಾಣಿಯ ಕಡೆಯ ನಮ್ಮೂರಿನಲ್ಲಿ ನಾನು ನಾಲ್ಕನೆಯ ಇಯತ್ತೆಯವರೆಗೆ ಮರಾಠಿಯಲ್ಲಿ ಕಲಿತೆ. ಐದನೆಯದರಿಂದ ಕನ್ನಡ ಶಾಲೆ. ಹೀಗಾಗಿ ಒಂದು ವಸ್ತುವಿಗೆ ಒಂದೇ ಹೆಸರು ಸಾಕೆಂಬ ನೆಮ್ಮದಿ ನನಗೆ ಎಂದೂ ದೊರೆಯಲಿಲ್ಲ. ಕನ್ನಡದ ಬಿಸಿಲು ಮರಾಠಿಯಲ್ಲಿ ‘ಊನ’. ಬೆಳಕು ಅಲ್ಲಿ ‘ಉಜೇಡ’. ಚಳಿಗಾಲದ ಮುಂಜಾನೆ ಜಗಲಿಯ ಮೇಲೆ ಕುಳಿತ ಹಿರಿಯರನ್ನು ಕಂಡು ಕನ್ನಡಿಗರು ‘ಬಿಸಿಲು ಕಾಯಿಸುತ್ತಿದ್ದಾರೆ’ ಎನ್ನುತ್ತೇವೆ. ಮರಾಠಿಗರು ‘ಊನ ಖಾತ ಬಸಲೇತ’ ಎನ್ನುತ್ತಾರೆ. ಬಿಸಿಲನ್ನು ತಿನ್ನುತ್ತ ಕುಳಿತಿದ್ದಾರೆ ಎಂದು ಅದರ ಅರ್ಥ. ಕನ್ನಡದ ನುಡಿಗಟ್ಟಿನಲ್ಲಿ ಬಿಸಿಲೆಂದರೆ ಕಾವು. ಮರಾಠಿಯದರಲ್ಲಿ ಬಿಸಿಲೆಂದರೆ ಆಹಾರ. ಎರಡೂ ನಿಜವೆಂಬುದನ್ನು ನಾನು ನಿಘಂಟುಗಳಿಂದ ತಿಳಿದುಕೊಳ್ಳಲಿಲ್ಲ. ಗಾಜಿನ ಪೆಟ್ಟಿಗೆಯೊಳಗಿದ್ದ ಹಲ್ಲಿಯ ಜಾತಿಯ ಒಂದು ಪ್ರಾಣಿಯಿಂದ ತಿಳಿದುಕೊಂಡೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ವೃತ್ತಾಂತವನ್ನು ಹೇಳುವುದಕ್ಕೆ ಕಾರಣವಿದೆ: ಒಂದೇ ಎಂದು ನಾವು ಬಳಸುವ ಮೂರು ಮಾತುಗಳ ನಡುವಣ ಅಂತರವನ್ನು ಅರಿಯದಿದ್ದರೆ ಒಂದು ಜೀವಕ್ಕೆ ಏನಾಗುತ್ತದೆ ಎಂಬುದನ್ನು ನಾನಿಲ್ಲಿ ಕಣ್ಣಾರೆ ಕಂಡೆ.

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಬಾಗೇಪಲ್ಲಿಯನ್ನು ದಾಟಿದ ಮೇಲೆ ಆಂಧ್ರದ ಗಡಿ. ಅಲ್ಲಿಯ ತಪಾಸಣಾ ಠಾಣೆಯ ದೆಸೆಯಿಂದ ಕೊಡಿಕೊಂಡದ ಹೆಸರು ಪ್ರಯಾಣಿಕರಿಗೆಲ್ಲ ಪರಿಚಿತ. ಅಲ್ಲಿಂದ ಪಡುವಣಕ್ಕೆ ತಿರುಗಿದರೆ ಲೇಪಾಕ್ಷಿ, ಮುಂದೆ ಹಿಂದೂಪುರ. ಬೀದಿಯಲ್ಲಿ ತೆಲುಗು, ಒಳಮನೆಯಲ್ಲಿ ಕನ್ನಡ ಎಂಬಂತಿರುವ ಮನೆಗಳು ಆ ಸೀಮೆಯಲ್ಲಿ ಇಂದಿಗೂ ಇವೆ. ಅಂಥ ಒಂದು ಮನೆಯಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ಆಷಾಢದಲ್ಲಿ ತರಗತಿ ಮುಗಿದ ಮೇಲೆ ನಿಂತು, “ಸರ್, ಓತಿಕ್ಯಾತಕ್ಕೆ ಯಾವ ಬಲ್ಬು ಹಾಕಬೇಕು?” ಎಂದು ಕೇಳಿದಳು. ಛಂದಸ್ಸಿನ ಪಾಠದ ಬೆನ್ನಿಗೆ ಬಂದ ಆ ಪ್ರಶ್ನೆಗೆ ತರಗತಿ ನಕ್ಕಿತು. ಅವಳು ನಗಲಿಲ್ಲ.

ಅವಳ ಅಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಹಸಿರು ಇಗ್ವಾನಾ ಒಂದನ್ನು ಸಾಕಿದ್ದನು. ಮಧ್ಯ ಮತ್ತು ದಕ್ಷಿಣ ಅಮೆರಿಕಗಳ ಕಾಡಿನ ಮರಗಳಲ್ಲಿ ಬದುಕುವ ಸಸ್ಯಾಹಾರಿ ಸರೀಸೃಪವದು. ಬಾಲವೂ ಸೇರಿ ಐದಡಿಯವರೆಗೆ, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ಬೆಳೆಯುತ್ತದೆ. ಉದ್ಯೋಗದ ನಿಮಿತ್ತ ಅಣ್ಣ ವಿದೇಶಕ್ಕೆ ಹೊರಟಾಗ ಅದು ನಾಲ್ಕಡಿಯ ಗಾಜಿನ ಪೆಟ್ಟಿಗೆಯ ಸಮೇತ ಊರಿಗೆ ಬಂದಿತು. ಮನೆಯವರು ಅದನ್ನು ಪಚ್ಚೆ ಎಂದು ಕರೆಯುತ್ತಿದ್ದರು. ಬಂದ ಕೆಲವು ತಿಂಗಳಿಗೆ ಪಚ್ಚೆಯ ಕೆಳದವಡೆ ಊದಿಕೊಂಡಿತು. ಕಾಲ್ಬೆರಳುಗಳು ತಾವಾಗಿ ನಡುಗತೊಡಗಿದವು. ಕೊಂಬೆಯನ್ನೇರಲು ಹೋಗಿ ಜಾರಿ ಬೀಳತೊಡಗಿತು. ಮನೆಯ ಹಿರಿಯರು ‘ಅದನ್ನು ಗುಡ್ಡಕ್ಕೆ ಬಿಟ್ಟುಬಿಡಿ, ಅದರ ಪಾಡಿಗೆ ಬದುಕಲಿ’ ಎಂದರು. ಅವಳಿಗೆ ಅದು ಸರಿಯೆನಿಸಲಿಲ್ಲ. ಅದಕ್ಕೇ ಈ ಪ್ರಶ್ನೆ.

ಗುಡ್ಡಕ್ಕೆ ಬಿಡಬೇಡಿ ಎಂದು ಅಂದೇ ಹೇಳಿದೆ. ಪರದೇಶದ ಪ್ರಾಣಿಯನ್ನು ಹೊರಗೆ ಬಿಡುವುದು ಕರುಣೆಯಲ್ಲ. ಬಿಟ್ಟದ್ದು ಸತ್ತರೆ ಒಂದು ಸಂಕಟ. ಸಾಯದೆ ಹೆಚ್ಚಿದರೆ ಮತ್ತೊಂದು. ಅಮೆರಿಕದ ಫ್ಲಾರಿಡಾದಲ್ಲಿ ಸಾಕಿದವರಿಂದ ತಪ್ಪಿಸಿಕೊಂಡ, ಅವರೇ ಬಿಟ್ಟ ಇಗ್ವಾನಾಗಳು ಇಂದು ಅಲ್ಲಿಯ ತೋಟಗಳನ್ನು ಮೇಯುತ್ತ, ಕಾಲುವೆಯ ದಂಡೆಗಳನ್ನು ತೋಡುತ್ತ ಉಪದ್ರವವಾಗಿ ಬೆಳೆದಿವೆ; ಚಳಿ ಹೆಚ್ಚಾದ ರಾತ್ರಿಗಳಲ್ಲಿ ಮರಗಟ್ಟಿ ಮರದಿಂದ ಉದುರುತ್ತವೆ. ಇನ್ನು ಕಾನೂನಿನ ವಿಷಯ. ಹಸಿರು ಇಗ್ವಾನಾ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟೀಸ್‌ನ ಎರಡನೆಯ ಅನುಬಂಧದಲ್ಲಿದೆ. ಅಂಥ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕೆಂದು 2024ರ ನಿಯಮಗಳು ವಿಧಿಸಿವೆ. ಅಣ್ಣ ನೋಂದಣಿ ಮಾಡಿಸಿದ್ದನು, ಪತ್ರಗಳಿದ್ದವು. ಆದ್ದರಿಂದ ಉಳಿದ ಪ್ರಶ್ನೆ ಬಲ್ಬಿನದಷ್ಟೇ. ಆ ‘ಅಷ್ಟೇ’ ಎಂಬುದು ಎಷ್ಟು ದೊಡ್ಡದೆಂದು ಭಾನುವಾರ ಅವರ ಮನೆಗೆ ಹೋದಾಗ ತಿಳಿಯಿತು.

ಪೆಟ್ಟಿಗೆಯ ಮೇಲೆ ಎರಡು ದೀಪಗಳಿದ್ದವು. ಒಂದು ನೂರು ವ್ಯಾಟಿನ ಹಳೆಯ ಬಗೆಯ ತಂತಿಬಲ್ಬು. ಅದರ ಕೆಳಗೆ ಕೈಯಿಟ್ಟರೆ ಚೆನ್ನಾಗಿಯೇ ಬಿಸಿ ತಾಗುತ್ತಿತ್ತು. ಇನ್ನೊಂದು ನೇರಳೆ ಬಣ್ಣದ ಪುಟ್ಟ ಎಲ್‌ಇಡಿ. ‘ಯುವಿ ದೀಪ’ ಎಂದು ಅಂಗಡಿಯವರು ಕೊಟ್ಟಿದ್ದಂತೆ. ಪೆಟ್ಟಿಗೆಯನ್ನು ಗಾಜಿನ ಕಿಟಕಿಯ ಪಕ್ಕದಲ್ಲೇ ಇಟ್ಟಿದ್ದರು. ಮಧ್ಯಾಹ್ನ ಎರಡು ತಾಸು ಬಿಸಿಲೂ ಬೀಳುತ್ತಿತ್ತು. ನೋಡಿದವರಿಗೆ ಯಾವ ಕೊರತೆಯೂ ಕಾಣದು: ಬೆಳಕಿದೆ, ಕಾವಿದೆ, ಬಿಸಿಲೂ ಇದೆ. ಆದರೂ ಪ್ರಾಣಿಯ ಮೂಳೆ ಕರಗುತ್ತಿತ್ತು. ಮರುವಾರ ಬೆಂಗಳೂರಿನ ಪಶುವೈದ್ಯರೊಬ್ಬರು ಎಕ್ಸ್‌ರೇ ತೆಗೆದು ತೋರಿಸಿದಾಗ, ಬೆಳ್ಳಗೆ ಮೂಡಬೇಕಾಗಿದ್ದ ಮೂಳೆಗಳು ಮಂಜಿನಂತೆ ಮಸುಕಾಗಿದ್ದವು. ಸುಣ್ಣದಂಶ ಸಾಲದೆ ದೇಹವು ತನ್ನ ಮೂಳೆಯನ್ನು ತಾನೇ ಒಡೆದು ಬಳಸಿಕೊಳ್ಳುವ ರೋಗವದು. ಸಾಕಿದ ಸರೀಸೃಪಗಳಲ್ಲಿ ಇದು ಬಹಳ ಸಾಮಾನ್ಯವೆಂದು ಅವರು ಹೇಳಿದರು.

ಅಲ್ಲಿಂದ ಮುಂದೆ ನಾನು ಓದಿ ತಿಳಿದುಕೊಂಡದ್ದನ್ನು ಕ್ರಮವಾಗಿ ಹೇಳುತ್ತೇನೆ.

ಸೂರ್ಯನ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣುವುದು ನಡುವಿನ ಒಂದು ತುಂಡು ಮಾತ್ರ. 1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಣ್ಣಗಳನ್ನು ಬಿಡಿಸಿ, ಕೆಂಪಿನ ಆಚೆಗೆ, ಏನೂ ಕಾಣದಲ್ಲಿ ಉಷ್ಣಮಾಪಕವನ್ನಿಟ್ಟರು, ಪಾದರಸ ಏರಿತು. ಅದು ಅವಕೆಂಪು. ಮರುವರ್ಷ, 1801ರಲ್ಲಿ, ಜರ್ಮನಿಯ ಯೋಹಾನ್ ರಿಟ್ಟರ್ ಇನ್ನೊಂದು ಕೊನೆಗೆ, ನೇರಳೆಯ ಆಚೆಗೆ, ಬೆಳ್ಳಿಯ ಲವಣವನ್ನಿಟ್ಟರು; ಅದು ಕಪ್ಪಾಯಿತು. ಅದು ಅತಿನೇರಳೆ. ಒಂದು ತುದಿಯಲ್ಲಿ ಕಾಣದ ಕಾವು, ಇನ್ನೊಂದು ತುದಿಯಲ್ಲಿ ಕಾಣದ ರಸಾಯನಶಕ್ತಿ. ಪಚ್ಚೆಗೆ ಬೇಕಾಗಿದ್ದವು ಈ ಎರಡೂ. ಮನೆಯವರು ಕೊಟ್ಟದ್ದು ನಡುವಿನ ಕಾಣುವ ತುಂಡನ್ನು ಮತ್ತು ಒಂದು ತುದಿಯನ್ನು.

ಅತಿನೇರಳೆಯಲ್ಲಿಯೂ ಮೂರು ಪಾಲುಗಳಿವೆ. 315ರಿಂದ 400 ನ್ಯಾನೊಮೀಟರ್‌ವರೆಗಿನದು ಯುವಿಎ. ಇಗ್ವಾನಾದಂಥ ಪ್ರಾಣಿಗಳ ಕಣ್ಣಿಗೆ ಇದು ಒಂದು ಬಣ್ಣವಾಗಿಯೇ ಕಾಣುತ್ತದೆ. 280ರಿಂದ 315ರವರೆಗಿನದು ಯುವಿಬಿ. ಅದಕ್ಕೂ ಕೆಳಗಿನ ಯುವಿಸಿ ಜೀವಕೋಶವನ್ನು ಕೊಲ್ಲುವಂಥದು. ವಾತಾವರಣ ಅದನ್ನು ನೆಲಕ್ಕೆ ಬಿಡುವುದಿಲ್ಲ. ಚರ್ಮದಲ್ಲಿರುವ ಕೊಲೆಸ್ಟರಾಲ್‌ನ ಬಂಧುವಾದ ಒಂದು ವಸ್ತುವಿನ ಮೇಲೆ ಯುವಿಬಿ ಬಿದ್ದಾಗ ಅದು ಡಿ3 ಜೀವಸತ್ವದ ಪೂರ್ವರೂಪವಾಗಿ ಮಾರ್ಪಡುತ್ತದೆ. ಆ ಪೂರ್ವರೂಪ ಡಿ3 ಆಗುವುದಕ್ಕೆ ಬೇಕಾದುದು ಬೆಳಕಲ್ಲ, ಮೈಯ ಬಿಸಿ. ನಮ್ಮ ಮೈ ಸದಾ ಮೂವತ್ತೇಳು ಡಿಗ್ರಿಯ ಸಮೀಪದಲ್ಲಿರುವುದರಿಂದ ನಮಗೆ ಇದರ ಚಿಂತೆಯಿಲ್ಲ. ಹೊರಗಿನಿಂದಲೇ ಬಿಸಿಯನ್ನು ಪಡೆಯಬೇಕಾದ ಪ್ರಾಣಿಗೆ ಯುವಿಬಿ ಸಿಕ್ಕಿ ಕಾವು ಸಿಗದಿದ್ದರೆ ಕೆಲಸ ಅರ್ಧಕ್ಕೇ ನಿಧಾನಿಸುತ್ತದೆ. ಕಾವು ಸಿಕ್ಕಿ ಯುವಿಬಿ ಸಿಗದಿದ್ದರೆ ಕೆಲಸ ಆರಂಭವೇ ಆಗುವುದಿಲ್ಲ. ಪಚ್ಚೆಯದು ಎರಡನೆಯ ಪಾಡು. ಹೀಗೆ ಹುಟ್ಟಿದ ಡಿ3, ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಪಕ್ವಗೊಂಡು, ತಿಂದ ಸೊಪ್ಪಿನಲ್ಲಿರುವ ಸುಣ್ಣದಂಶವನ್ನು ಕರುಳು ಹೀರಿಕೊಳ್ಳುವಂತೆ ಮಾಡುತ್ತದೆ. ಮರಾಠಿಯ ‘ಊನ ಖಾಣೆ’ಯಲ್ಲಿ ಅಲಂಕಾರವಿಲ್ಲ, ವಾಸ್ತವವಿದೆ ಎಂದು ನನಗೆ ತೋರಿದ್ದು ಇದನ್ನು ಓದಿದಾಗ.

ಇದು ಹಲ್ಲಿಗಳ ಕಥೆ ಮಾತ್ರವಲ್ಲ. ಮೊದಲ ಮಹಾಯುದ್ಧ ಮುಗಿದ ಚಳಿಗಾಲದಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್‌ಸ್ಕಿ, ಕಾಲು ಬಾಗಿ ಮೂಳೆ ಮೆತ್ತಗಾದ ಮಕ್ಕಳ ಮೇಲೆ ಪಾದರಸ ದೀಪದ ಅತಿನೇರಳೆ ಬೆಳಕನ್ನು ಹಾಯಿಸಿದರು, ಮೂಳೆಗಳು ಗಟ್ಟಿಯಾದವು. 1919ರಲ್ಲಿ ಅವರು ಅದನ್ನು ಪ್ರಕಟಿಸಿದರು. ಇಂದು ಸರೀಸೃಪದ ಪೆಟ್ಟಿಗೆಯ ಮೇಲೆ ತೂಗುವ ದೀಪ ಆ ಮಕ್ಕಳ ದೀಪದ ವಂಶದ್ದೇ.

ಈಗ ಅವಳ ಪ್ರಶ್ನೆಗೆ ಬರೋಣ: ಯಾವ ಬಲ್ಬು?

ಮೊದಲು ಯಾವುದು ಅಲ್ಲ ಎಂಬುದನ್ನು ತಿಳಿಯಬೇಕು. ತಂತಿಬಲ್ಬು ಕಾವನ್ನೂ ಬೆಳಕನ್ನೂ ಕೊಡುತ್ತದೆ, ಯುವಿಬಿಯನ್ನು ಕೊಡದು. ಮನೆಯ ಟ್ಯೂಬ್‌ಲೈಟಿನ ಗಾಜು ಯುವಿಬಿಯನ್ನು ಹೊರಬಿಡದು. ಸಾಮಾನ್ಯ ಎಲ್‌ಇಡಿಗಳಲ್ಲಿ ಅದು ಹುಟ್ಟುವುದೇ ಇಲ್ಲ. ನೇರಳೆಯಾಗಿ ಕಾಣುವುದೆಲ್ಲ ಯುವಿಬಿಯಲ್ಲ. ಯುವಿಬಿ ಕಣ್ಣಿಗೆ ಕಾಣದ ಕಾರಣ ದೀಪದ ಬಣ್ಣವನ್ನು ನೋಡಿ ಕೊಳ್ಳುವವರು ಮೋಸಹೋಗುವುದು ಸಹಜ. ಕಿಟಕಿಯ ಗಾಜಂತೂ ಯುವಿಬಿಯನ್ನು ಬಹುಮಟ್ಟಿಗೆ ಪೂರ್ತಿಯಾಗಿ ತಡೆಯುತ್ತದೆ. ಕೊಡಿಕೊಂಡದ ಆ ಮಧ್ಯಾಹ್ನದ ಎರಡು ತಾಸಿನ ಬಿಸಿಲಿನಲ್ಲಿ ಪಚ್ಚೆಗೆ ದೊರೆತದ್ದು ಬೆಳಕು ಮತ್ತು ಕಾವು, ಬಿಸಿಲಲ್ಲ.

ಯುವಿಬಿಗೆಂದೇ ತಯಾರಾದ ದೀಪಗಳಲ್ಲಿ ಇಂದು ಬಲ್ಲವರು ಹೆಚ್ಚಾಗಿ ಮೆಚ್ಚುವುದು ಟಿ5 ಎಂಬ ತೆಳು ಕೊಳವೆಯ ಪ್ರತಿದೀಪ್ತಿ ದೀಪವನ್ನು. ಹಳೆಯ ಟಿ8 ಕೊಳವೆಗಿಂತ ಇದರ ಶಕ್ತಿ ಹೆಚ್ಚು, ಬೀಳುವ ಹರವೂ ಉದ್ದ. ಪ್ರಾಣಿಯ ಇಡೀ ಮೈಗೆ ಸಮನಾಗಿ ತಾಗುತ್ತದೆ. ಸುರುಳಿಯಾಕಾರದ ಪುಟ್ಟ ದೀಪಗಳು ಅಗ್ಗ. ಆದರೆ ಅವುಗಳ ಯುವಿಬಿ ಒಂದು ಗೇಣಿನ ಆಚೆಗೆ ಬೇಗ ಕುಗ್ಗುತ್ತದೆ. ಹಿಂದೊಮ್ಮೆ ಇಂಥ ಕೆಲವು ದೀಪಗಳು ಸೂರ್ಯನ ಬೆಳಕಿನಲ್ಲಿ ಇಲ್ಲದ ಇನ್ನೂ ಕಿರಿದಾದ ತರಂಗಗಳನ್ನು ಹೊರಸೂಸಿ ಪ್ರಾಣಿಗಳ ಕಣ್ಣು ಉರಿದು ಊದಿದ್ದೂ ಉಂಟು. ಪಾದರಸ ಆವಿಯ ದೀಪವೂ ಮೆಟಲ್ ಹ್ಯಾಲೈಡ್ ದೀಪವೂ ಕಾವು ಮತ್ತು ಯುವಿಬಿ ಎರಡನ್ನೂ ಒಂದೇ ಬುರುಡೆಯಿಂದ ಕೊಡುತ್ತವೆ. ದೊಡ್ಡ ಪೆಟ್ಟಿಗೆಗೆ ಅವು ಹಿತ. ಆದರೆ ಅವುಗಳನ್ನು ಥರ್ಮೋಸ್ಟಾಟಿಗೆ ಸಿಕ್ಕಿಸಿ ಮಂದಗೊಳಿಸಲಾಗದು. ಬಿಸಿ ಹೆಚ್ಚಾಯಿತೆಂದು ಆರಿಸಿದರೆ ಯುವಿಬಿಯೂ ಆರಿಹೋಗುತ್ತದೆ. ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಇದು ಸಣ್ಣ ದೋಷವಲ್ಲ.

ದೀಪದ ಡಬ್ಬಿಯ ಮೇಲೆ 5, 6, 10, 12 ಎಂಬಂಥ ಅಂಕಿಗಳಿರುತ್ತವೆ. ದೀಪದ ಹೊರಸೂಸುವಿಕೆಯಲ್ಲಿ ಯುವಿಬಿಯ ಪಾಲು ಎಷ್ಟು ಎಂದು ತಯಾರಕರು ಸೂಚಿಸುವ ಶೇಕಡಾವಾರು ಅದು. ಪ್ರಾಣಿಗೆ ಎಷ್ಟು ತಲುಪಿತೆಂಬುದನ್ನು ಆ ಅಂಕಿ ಹೇಳಲಾರದು. ಅದನ್ನು ನಿರ್ಧರಿಸುವುದು ದೂರ, ನಡುವಿನ ಜಾಲರಿ, ಹಿಂದಿನ ಪ್ರತಿಫಲಕ ಮತ್ತು ದೀಪದ ವಯಸ್ಸು. ಜಾಲರಿಯ ಹೆಣಿಗೆ ಸಣ್ಣದಾದರೆ ಮೂರನೆಯ ಒಂದು ಭಾಗವೋ ಅರ್ಧವೋ ಅಲ್ಲಿಯೇ ನಿಂತುಬಿಡಬಹುದು. ದೀಪ ಕಣ್ಣಿಗೆ ಮೊದಲಿನಂತೆಯೇ ಬೆಳಗುತ್ತಿದ್ದರೂ ಅದರ ಯುವಿಬಿ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ. ಆದ್ದರಿಂದ ಆರು ತಿಂಗಳಿಗೋ ವರ್ಷಕ್ಕೋ, ತಯಾರಕರು ಹೇಳಿದ ಅವಧಿಗೆ, ಬದಲಿಸಲೇಬೇಕು. ಕೊಂಡ ದಿನಾಂಕವನ್ನು ದೀಪದ ತಲೆಯ ಮೇಲೆ ಬರೆದಿಡುವುದು ಒಳ್ಳೆಯ ಪದ್ಧತಿ.

ಎಷ್ಟು ತಲುಪಬೇಕು ಎಂಬುದಕ್ಕೂ ಒಂದು ಅಳತೆಯಿದೆ. ಗ್ಯಾರಿ ಫರ್ಗುಸನ್ ಮತ್ತು ಅವರ ಸಂಗಡಿಗರು ಜಮೈಕಾ ಮತ್ತು ಅಮೆರಿಕ ದೇಶದ ದಕ್ಷಿಣ ಭಾಗದ ಹಲ್ಲಿ, ಹಾವುಗಳನ್ನು ಅವುಗಳ ನೆಲೆಯಲ್ಲಿಯೇ ಗಮನಿಸಿ, ಅವು ಎಷ್ಟು ಬಿಸಿಲಿಗೆ ಮೈಯೊಡ್ಡುತ್ತವೆಂದು ಅಳೆದು, 2010ರಲ್ಲಿ ನಾಲ್ಕು ವಲಯಗಳನ್ನು ಸೂಚಿಸಿದರು. ಮುಸ್ಸಂಜೆಯಲ್ಲಿ ಅಡ್ಡಾಡುವವು ಮೊದಲನೆಯದರಲ್ಲಿ. ನಡುಹಗಲ ಬಿಸಿಲಲ್ಲಿ ಕೂರುವವು ನಾಲ್ಕನೆಯದರಲ್ಲಿ. ಹವಾಮಾನ ವರದಿಯಲ್ಲಿ ನಾವು ಕಾಣುವ ಯುವಿ ಸೂಚ್ಯಂಕವೇ ಇಲ್ಲಿಯೂ ಮಾನ. ಬ್ರಿಟನ್ನಿನ ಪಶುವೈದ್ಯೆ ಫ್ರಾನ್ಸೆಸ್ ಬೇನ್ಸ್ ಮತ್ತು ಸಂಗಡಿಗರು 2016ರಲ್ಲಿ ಇದನ್ನು ನೂರಾರು ಪ್ರಭೇದಗಳಿಗೆ ಅನ್ವಯಿಸಿ ಪಟ್ಟಿ ಮಾಡಿದರು. ಹಸಿರು ಇಗ್ವಾನಾ ಮೂರನೆಯ ವಲಯದ್ದು. ಅದು ಮೈಕಾಯಿಸುವ ಕೊಂಬೆಯ ಮೇಲೆ ಸೂಚ್ಯಂಕ 3ರಿಂದ 5ರ ನಡುವೆ ಇರಲಿ. ಪೆಟ್ಟಿಗೆಯ ಇನ್ನೊಂದು ಕೊನೆಯಲ್ಲಿ ಸೊನ್ನೆಯಾಗಲಿ. ಬೇಕೆಂದಾಗ ಬಿಸಿಲು, ಸಾಕೆಂದಾಗ ನೆರಳು: ಆಯ್ಕೆ ಪ್ರಾಣಿಯದು. ಇಗ್ವಾನಾದ ನೆತ್ತಿಯ ಮೇಲೆ ಬೆಳಕಿನ ಏರಿಳಿತವನ್ನು ಗ್ರಹಿಸುವ ಮೂರನೆಯದೊಂದು ಪುಟ್ಟ ಕಣ್ಣೂ ಇದೆ. ನಮಗಿಂತ ಅದಕ್ಕೇ ತನ್ನ ಲೆಕ್ಕ ಚೆನ್ನಾಗಿ ತಿಳಿದಿದೆ.

ಇನ್ನು ಕಾವು. ಸೂರ್ಯನ ಕಾವನ್ನು ಹೆಚ್ಚು ಹೋಲುವುದು ಹ್ಯಾಲೊಜನ್ ದೀಪದ್ದು. ಅದರ ಕಿರುತರಂಗದ ಅವಕೆಂಪು ಚರ್ಮವನ್ನು ದಾಟಿ ಒಳಗಿನ ಮಾಂಸವನ್ನು ಬೆಚ್ಚಗಾಗಿಸುತ್ತದೆ. ಪಿಂಗಾಣಿಯ ಉಷ್ಣದೀಪ ಬೆಳಕು ಕೊಡದೆ ಕಾವನ್ನಷ್ಟೇ ಕೊಡುತ್ತದೆ. ಚಳಿಗಾಲದ ರಾತ್ರಿಗೆ ಅದು ತಕ್ಕುದು, ಹಗಲಿಗೆ ಸಾಲದು. ರಾತ್ರಿಗೆಂದು ಮಾರುವ ಕೆಂಪು ಬಲ್ಬು ನಮಗೆ ಮಂದವಾಗಿ ಕಂಡರೂ ಪ್ರಾಣಿಯ ಕತ್ತಲನ್ನು ಕದಿಯುತ್ತದೆ. ವಿದ್ಯುತ್ತಿನಿಂದ ಬಿಸಿಯಾಗುವ ಕೃತಕ ಕಲ್ಲನ್ನು ಇಡಲೇಬಾರದು; ಹೊಟ್ಟೆಯ ಚರ್ಮ ಸುಡುತ್ತಿದ್ದರೂ ಸರೀಸೃಪಕ್ಕೆ ಬೇಗ ತಿಳಿಯದು. ಇಗ್ವಾನಾಕ್ಕೆ ಮೈಕಾಯಿಸುವ ಜಾಗದಲ್ಲಿ ಸುಮಾರು 35 ಡಿಗ್ರಿ, ತಂಪಿನ ಕೊನೆಯಲ್ಲಿ 26ರ ಆಸುಪಾಸು ಇರಬೇಕು. ಥರ್ಮೋಸ್ಟಾಟ್ ಇಲ್ಲದ ಉಷ್ಣದೀಪ ಕಡಿವಾಣವಿಲ್ಲದ ಕುದುರೆ. ಕಾವಿನ ದೀಪವನ್ನೂ ಯುವಿಬಿ ದೀಪವನ್ನೂ ಒಂದೇ ಕೊಂಬೆಯ ಮೇಲೆ ಬೀಳುವಂತೆ ಅಕ್ಕಪಕ್ಕದಲ್ಲಿ ತೂಗಬೇಕು. ಬಿಸಿಲಿನಲ್ಲಿ ಎರಡೂ ಕೂಡಿಯೇ ಬರುವುದಲ್ಲವೇ? ಪ್ರಾಣಿ ನೆಗೆದು ಮುಟ್ಟದಂತೆ ದೀಪಕ್ಕೊಂದು ತಂತಿಯ ಬುಟ್ಟಿಯೂ ಇರಲಿ. ಹಗಲು ಹನ್ನೆರಡು ತಾಸು, ಆಮೇಲೆ ನಿಜವಾದ ಕತ್ತಲು.

ಇಷ್ಟನ್ನು ಬರೆದುಕೊಂಡ ಮೇಲೆ ಅವಳು ಕೇಳಿದ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಚೆನ್ನಾಗಿತ್ತು. “ನಮ್ಮೂರಲ್ಲಿ ಇಷ್ಟು ಬಿಸಿಲಿರುವಾಗ ಬಿಸಿಲನ್ನು ದುಡ್ಡು ಕೊಟ್ಟು ಏಕೆ ಕೊಳ್ಳಬೇಕು ಸರ್?”

ಕೊಡಿಕೊಂಡ ಹದಿನಾಲ್ಕನೆಯ ಉತ್ತರ ಅಕ್ಷಾಂಶದ ಸಮೀಪದಲ್ಲಿದೆ. ಬೇಸಗೆಯ ನಡುಹಗಲು ಅಲ್ಲಿಯ ಯುವಿ ಸೂಚ್ಯಂಕ ಹನ್ನೊಂದನ್ನು ದಾಟುತ್ತದೆ. ಯಾವ ಕೊಳವೆಯೂ ಅಷ್ಟನ್ನು ಕೊಡಲಾರದು, ಕೊಡಲೂಬಾರದು. ಹೀಗಿರುವಾಗ ಅತ್ಯುತ್ತಮ ದೀಪವೆಂದರೆ ಅಂಗಳವೇ. ಮರದ ಚೌಕಟ್ಟಿಗೆ ತಂತಿಯ ಬಲೆ ಬಿಗಿದು, ಅರ್ಧಕ್ಕೆ ತೆಂಗಿನ ಗರಿಯ ನೆರಳು ಮಾಡಿ, ನೀರಿಟ್ಟು, ಎದುರಿಗೆ ಒಬ್ಬರು ಕುಳಿತಿರಬೇಕು. ಹದ್ದು, ನಾಯಿ, ಬೆಕ್ಕುಗಳ ಭಯವಿರುತ್ತದೆ. ಗಾಜಿನ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಸಿಲಿಗಿಡಬಾರದು. ಗಾಜು ಯುವಿಬಿಯನ್ನು ಹೊರಗೇ ನಿಲ್ಲಿಸಿ ಕಾವನ್ನು ಒಳಗೆ ಕೂಡಿಹಾಕುತ್ತದೆ. ಸ್ವಲ್ಪ ಹೊತ್ತಿನಲ್ಲೇ ಒಳಗಿನ ಜೀವ ಬೆಂದುಹೋಗುತ್ತದೆ. ಹೊತ್ತನ್ನು ತಿಳಿಯಲು ಯಂತ್ರವೂ ಬೇಡ, ನಮ್ಮ ನೆರಳು ಸಾಕು. ನೆರಳು ನಮಗಿಂತ ಬಹಳ ಉದ್ದವಾಗಿದ್ದರೆ ಸೂರ್ಯನ ಕಿರಣ ಓರೆಯಾಗಿ ಬಂದು, ಯುವಿಬಿಯ ಬಹುಪಾಲು ವಾಯುಮಂಡಲದಲ್ಲೇ ಇಂಗಿರುತ್ತದೆ. ನೆರಳು ನಮ್ಮ ಎತ್ತರಕ್ಕೆ ಇಳಿಯುತ್ತ ಬರುವ ಹೊತ್ತು ತಕ್ಕ ಹೊತ್ತು. ಎಳೆಬಿಸಿಲು, ಏರುಬಿಸಿಲು, ಉರಿಬಿಸಿಲು ಎಂದು ಕನ್ನಡ ಬೇರೆ ಬೇರೆಯಾಗಿ ಹೆಸರಿಟ್ಟಿರುವುದು ಬರಿಯ ಸೊಬಗಿಗಲ್ಲ. ಎಳೆಬಿಸಿಲಿನಲ್ಲಿ ಹಿತವಿದೆ, ಯುವಿಬಿ ಕಡಿಮೆ. ಉರಿಬಿಸಿಲಿನಲ್ಲಿ ಯುವಿಬಿ ಹೇರಳ, ಆದರೆ ಕಾವು ಕೊಲ್ಲುತ್ತದೆ. ಇಗ್ವಾನಾಕ್ಕೆ ಒಪ್ಪುವುದು ಏರುಬಿಸಿಲು. ಇದು ದಿನವೂ ನಡೆದರೆ ದೀಪಕ್ಕೆ ಉಳಿಯುವ ಕೆಲಸ ಮೋಡದ ದಿನಗಳದು, ಮಳೆಗಾಲದ್ದು, ಮನೆಯವರೆಲ್ಲ ಕಡಲೆಕಾಯಿಯ ಹೊಲಕ್ಕೆ ಹೋದ ದಿನಗಳದು. ಊರ ಸೂರ್ಯ ಕೊಡಲಾರದ ಪಾಲನ್ನು ಲೆಕ್ಕಹಾಕಿ ಅಷ್ಟನ್ನು ದೀಪದಿಂದ ತುಂಬುವುದೇ ದೀಪದ ಆಯ್ಕೆ. ಇಂಗ್ಲೆಂಡಿನ ಮೋಡಕ್ಕೆಂದು ಬರೆದ ಪಟ್ಟಿಯನ್ನು ಕೊಡಿಕೊಂಡದ ಬಂಡೆಯ ನಾಡಿಗೆ ಹಾಗೆಯೇ ಇಳಿಸಿದರೆ ಅದು ಶಬ್ದಶಃ ಮಾಡಿದ ಅನುವಾದದಂತೆ: ಪದಗಳೆಲ್ಲ ಇವೆ, ಜೀವ ಇಲ್ಲ.

ಆ ನಾಡಿನ ಬಂಡೆಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಲೇಪಾಕ್ಷಿಯ ಹಾದಿಯಲ್ಲಿ ಹೆಬ್ಬಂಡೆಯ ನೆತ್ತಿಯ ಮೇಲೆ ಕೆಂಪೂ ಕಪ್ಪೂ ಬಳಿದುಕೊಂಡು ತಲೆಯಾಡಿಸುವ ಗಂಡು ಬಂಡೆಓತಿಯನ್ನು ನೀವು ಕಂಡಿರಬಹುದು. ಅದು ಬಿಸಿಲಿಗೆ ಬಂದು, ಸಾಕೆನಿಸಿದಾಗ ಬಿರುಕಿನ ನೆರಳಿಗೆ ಸರಿದು, ಮತ್ತೆ ಬಂದು, ದಿನವಿಡೀ ತನ್ನ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ. ‘ಓತಿಕ್ಯಾತಕ್ಕೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ’ ಎಂದು ನಮ್ಮ ಗಾದೆ. ಓತಿಯ ಓಟ ಬೇಲಿಯವರೆಗೆ ಎಂದು ಮರಾಠಿಯ ಗಾದೆ, ‘ಸರಡ್ಯಾಚೀ ಧಾವ ಕುಂಪಣಾಪರ್ಯಂತ’. ಎರಡು ನುಡಿಗಳೂ ಓತಿಯನ್ನು ಬೇಲಿಯ ಮೇಲೆಯೇ ಕೂರಿಸಿವೆ. ಅದು ಅಲ್ಲಿ ಕೂರುವುದು ಸಾಕ್ಷಿ ಹೇಳುವುದಕ್ಕಲ್ಲ, ಬಿಸಿಲಿಗೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ (1980) ಅಷ್ಟು ಜನ ಹುಡುಕಿಕೊಂಡು ಹೋದ ಹಾರುವ ಓತಿ ಕೊನೆಗೂ ಕೈಗೆ ದಕ್ಕುವುದಿಲ್ಲ ಎಂಬುದು ನಿಮಗೆ ತಿಳಿದೇ ಇದೆ. ಓತಿಗೆ ಅದೇ ಕ್ಷೇಮ.

ಇದೇ ಸೀಮೆಯ ಇನ್ನೊಂದು ಜೀವದ ಮಾತನ್ನು ಹೇಳದೆ ಮುಗಿಸಲಾರೆ. ಲೇಪಾಕ್ಷಿಯ ವೀರಭದ್ರ ದೇವಾಲಯ ನಿಂತಿರುವ ಗುಡ್ಡ ಆಮೆಯ ಆಕಾರದ್ದೆಂದು ಅದಕ್ಕೆ ಕೂರ್ಮಶೈಲವೆಂಬ ಹೆಸರು. ಸುತ್ತಣ ಕುರುಚಲು ನಿಜವಾಗಿಯೂ ನಕ್ಷತ್ರ ಆಮೆಗೆ ಒಪ್ಪುವ ಬಗೆಯ ನೆಲ. ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರವನ್ನು ಹೊತ್ತ ಈ ಆಮೆ ಮನೆಯಲ್ಲಿದ್ದರೆ ಐಶ್ವರ್ಯ ಬರುವುದೆಂಬ ನಂಬಿಕೆಯಿಂದ ಹಿಡಿದಿಟ್ಟುಕೊಳ್ಳುವವರಿದ್ದಾರೆ. ಅದಕ್ಕಿಂತ ಹೆಚ್ಚಾಗಿ ಹಿಡಿದು ಕಳ್ಳಸಾಗಣೆ ಮಾಡುವವರಿದ್ದಾರೆ. ಭಾರತದ ಒಂದೇ ಒಂದು ವಹಿವಾಟಿನ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಕಾಡಿನಿಂದ ಕಳುವಾಗುತ್ತಿವೆಯೆಂದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅಂದಾಜು ಮಾಡಿತು. 2018ರಲ್ಲಿ ಸಿಂಗಪುರದಲ್ಲಿ ರಕ್ಷಿಸಿದ 51 ಆಮೆಗಳು ಬೆಂಗಳೂರಿಗೆ ಮರಳಿ ಬಂದವು. ಹೋದವುಗಳ ಲೆಕ್ಕದ ಮುಂದೆ ಅದು ಬೊಗಸೆ ನೀರು. 2019ರಲ್ಲಿ ಸೈಟೀಸ್ ಈ ಆಮೆಯನ್ನು ತನ್ನ ಮೊದಲನೆಯ ಅನುಬಂಧಕ್ಕೆ ಸೇರಿಸಿತು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇದನ್ನು ಮನೆಯಲ್ಲಿಡುವುದು ಅಪರಾಧ. ಅಲ್ಮೇರದ ಕೆಳಗೆ, ಬಚ್ಚಲ ಮೂಲೆಯಲ್ಲಿ, ಬಿಸಿಲು ಕಾಣದೆ ಬೆಳೆದ ಆಮೆಯ ಚಿಪ್ಪು ಬೆರಳಿಟ್ಟರೆ ತಗ್ಗುವಷ್ಟು ಮೆತ್ತಗಾಗುತ್ತದೆ. ಅದಕ್ಕೆ ಯಾವ ದೀಪ ಹಾಕಬೇಕೆಂದು ಯಾರಾದರೂ ಕೇಳಿದರೆ ಉತ್ತರ ಒಂದೇ: ದೀಪ ಬೇಡ, ಅರಣ್ಯ ಇಲಾಖೆಗೆ ತಿಳಿಸಿ. ಪಚ್ಚೆಯ ಕಾಡು ಸಾಗರದಾಚೆಗಿದೆ, ಅದನ್ನು ಹಿಂದಕ್ಕೆ ಕಳಿಸಲಾಗದು. ಆದ್ದರಿಂದ ಅದಕ್ಕೆ ದೀಪ. ಆಮೆಯ ಮನೆ ನಮ್ಮ ಹಿತ್ತಿಲಿನಾಚೆಯ ಗುಡ್ಡದಲ್ಲಿದೆ.

ಪಚ್ಚೆಯ ವಿಷಯ. ವೈದ್ಯರು ಸುಣ್ಣದಂಶದ ಔಷಧಿ ಕೊಟ್ಟರು. ಪಾಲಕ್ ಸೊಪ್ಪನ್ನು ಬಿಡಿಸಿದರು, ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆಯಂತೆ. ಅದರ ಬದಲು ಹಿತ್ತಿಲಿನ ನುಗ್ಗೆಸೊಪ್ಪು. ನೇರಳೆ ಎಲ್‌ಇಡಿ ಹೋಗಿ ಹನ್ನೆರಡು ಶೇಕಡಾದ ಟಿ5 ಕೊಳವೆ ಬಂದಿತು. ಹೆಂಟೆಯಾಕಾರದ ಪುಟ್ಟ ಹ್ಯಾಲೊಜನ್ ದೀಪ, ಥರ್ಮೋಸ್ಟಾಟ್, ಗಾಜಿನ ಬದಲು ಮರದ ಗೂಡು ಬಂದವು. ಅಣ್ಣ ಹಣ ಕಳಿಸಿದನು. ಗೂಡನ್ನು ಊರ ಬಡಗಿ ಮಾಡಿಕೊಟ್ಟನು. ಮೊದಲ ವಾರಗಳಲ್ಲಿ ಅದು ಉಳಿಯುವ ಭರವಸೆ ಯಾರಿಗೂ ಇರಲಿಲ್ಲ. ಅವಳು ದಿನಕ್ಕೆರಡು ಸಲ ಅರೆದ ಸೊಪ್ಪನ್ನು ಪಿಚಕಾರಿಯಿಂದ ಬಾಯಿಗೆ ಹನಿಸುತ್ತಿದ್ದಳು, ಕಾಲೇಜಿಗೆ ತಡವಾಗಿ ಬರುತ್ತಿದ್ದಳು. ದೀಪಾವಳಿಯ ಹೊತ್ತಿಗೆ ನಡುಕ ನಿಂತಿತು. ಸಂಕ್ರಾಂತಿಗೆ ಪಚ್ಚೆ ತಾನಾಗಿ ಕೊಂಬೆಯನ್ನೇರಿತು. ಬಾಗಿದ ದವಡೆ ಬಾಗಿದಂತೆಯೇ ಇದೆ. ಮೂಳೆ ಗಟ್ಟಿಯಾಗುವಾಗ ಆ ವಕ್ರತೆಯೂ ಗಟ್ಟಿಯಾಯಿತು. ಅದು ಇನ್ನು ನೆಟ್ಟಗಾಗದೆಂದು ವೈದ್ಯರು ಹೇಳಿದ್ದಾರೆ.

ಈ ಸಲದ ಕಿರುಸಂಶೋಧನೆಗೆ ಅವಳು ಆರಿಸಿಕೊಂಡ ವಿಷಯ ಬಿಸಿಲಿಗೆ ಸಂಬಂಧಿಸಿದ ಗಡಿನಾಡಿನ ಪದಗಳು. ಮಡಕಶಿರಾ, ರೊಳ್ಳ, ಅಮರಾಪುರದ ಕಡೆಯ ಕನ್ನಡ ಮನೆಗಳಿಗೆ ಹೋಗಿ, ಹೊತ್ತುಹೊತ್ತಿನ ಬಿಸಿಲಿಗೆ ಅಲ್ಲಿಯ ಮುದುಕಿಯರು ಏನೆನ್ನುತ್ತಾರೆಂದು ಕೇಳಿ ಬರೆದುಕೊಳ್ಳುತ್ತಿದ್ದಾಳೆ. ತೆಲುಗಿನ ‘ಎಂಡ’ ಎಲ್ಲಿ ನುಸುಳಿದೆ, ಎಲ್ಲಿ ಇಲ್ಲ ಎಂದು ಗುರುತುಹಾಕುತ್ತಿದ್ದಾಳೆ. ಪ್ರತಿಯೊಂದು ಪದದ ಎದುರಿಗೂ ಆ ಹೊತ್ತಿನ ನೆರಳಿನ ಉದ್ದವನ್ನು ಅಡಿಗಳಲ್ಲಿ ಬರೆದಿಟ್ಟಿದ್ದಾಳೆ. ನಿಮ್ಮೂರಿನ ಪದಗಳಿದ್ದರೆ ಅವಳಿಗೆ ಕೊಡಿ. ಪಟ್ಟಿಯನ್ನು ವಿಭಾಗದ ಗ್ರಂಥಾಲಯದ ಮೇಜಿನ ಮೇಲೆ ಇರಿಸಿದೆ.